ಸಿದ್ಧ ಕ್ಯೂ ಕೊಳ್ಳುವುದೋ, ಹೇಳಿ ಮಾಡಿಸುವುದೋ? – ವರ್ತಕರಿಗೂ ಕಿರು ಉತ್ಪಾದಕರಿಗೂ ಒಂದು ವೆಚ್ಚಪಾಠ

ಪೀಠಿಕೆ

ಕೊರಟಗೆರೆ ತಾಲ್ಲೂಕಿನ ಹೋಬಳಿ ಕೇಂದ್ರವಾದ ಹೊಳವನಹಳ್ಳಿಯಲ್ಲಿ ಕಬ್ಬಿಣ ಮತ್ತು ಸಿಮೆಂಟಿನ ವ್ಯಾಪಾರ ನಡೆಸುವ ವರ್ತಕರೊಬ್ಬರನ್ನು ಭಾವಿಸಿಕೊಳ್ಳಬಹುದು. ಅವರ ಅಂಗಡಿಯ ಮೇಲಂತಸ್ತು ಖಾಲಿಯಿದೆ. ತುಮಕೂರಿನಲ್ಲಿ ಓದುವಾಗ ಪೂಲ್ ಆಟ ಕಲಿತು, ಸಣ್ಣಪುಟ್ಟ ಪಂದ್ಯಗಳಲ್ಲಿ ಗೆದ್ದು ಬಂದ ಮಗ ಅಲ್ಲಿ ಮೂರು ಪೂಲ್ ಮೇಜುಗಳನ್ನು ಹಾಕಿ ಆಟದ ಮನೆ ತೆರೆಯುವ ಯೋಜನೆ ಮುಂದಿಡುತ್ತಾನೆ. ಮೇಜುಗಳ ಬಗ್ಗೆ ತಂದೆ ಮಗನಲ್ಲಿ ಒಮ್ಮತವಾಗುತ್ತದೆ. ಭಿನ್ನಾಭಿಪ್ರಾಯ ಹುಟ್ಟುವುದು ಚೆಂಡನ್ನು ಹೊಡೆಯುವ ಕೋಲಿನ, ಅಂದರೆ ಕ್ಯೂವಿನ ವಿಷಯದಲ್ಲಿ. ಅಂಗಡಿಯಲ್ಲಿ ದೊರೆಯುವ ಒಳ್ಳೆಯ ಸಿದ್ಧ ಕ್ಯೂ ₹12,000. ಮಗನ ಕೈಯಳತೆಗೆ ತಕ್ಕಂತೆ ಕುಶಲಕರ್ಮಿಯೊಬ್ಬರು ಮಾಡಿಕೊಡುವ ಕ್ಯೂ ₹40,000. ಅದಕ್ಕೆ ಅರ್ಧ ಹಣ ಮುಂಗಡ, ಹತ್ತು ತಿಂಗಳ ಕಾಯುವಿಕೆ. ಒಂದು ಕೋಲಿಗೆ ಮೂರು ಪಟ್ಟಿಗಿಂತ ಹೆಚ್ಚು ಬೆಲೆ ಏಕೆಂಬುದು ತಂದೆಯ ಪ್ರಶ್ನೆ. ಸಿದ್ಧ ಕ್ಯೂ ಕೈಗೆ ಹೊಂದುವುದಿಲ್ಲವೆಂಬುದು ಮಗನ ಉತ್ತರ. ವ್ಯತ್ಯಾಸದ ₹28,000 ಅಂಗಡಿಯ ದುಡಿಯುವ ಬಂಡವಾಳದಿಂದಲೇ ಹೊರಬರಬೇಕಾಗಿದೆ.

ಈ ಕುಟುಂಬವೂ ಬೆಲೆಗಳೂ ಲೆಕ್ಕದ ಅನುಕೂಲಕ್ಕಾಗಿ ಕಲ್ಪಿಸಿದಂಥವು. ಆದರೆ ಅಚ್ಚು, ಯಂತ್ರದ ಬಿಡಿಭಾಗ, ಪ್ಯಾಕಿಂಗ್ ಪೆಟ್ಟಿಗೆ, ಅಂಗಡಿಯ ಪೀಠೋಪಕರಣ, ಕೊನೆಗೆ ಲೆಕ್ಕಪತ್ರದ ತಂತ್ರಾಂಶ ಕೊಳ್ಳುವಾಗಲೂ ಪ್ರತಿಯೊಬ್ಬ ಉದ್ಯಮಿಯೂ ಇದೇ ಪ್ರಶ್ನೆಯನ್ನು ಎದುರಿಸುತ್ತಾನೆ. ಕ್ಯೂ ಚಿಕ್ಕ ವಸ್ತುವಾದುದರಿಂದ ಅದರಲ್ಲಿ ಈ ಪ್ರಶ್ನೆಯ ಎಲ್ಲ ಅಂಶಗಳೂ ಸ್ಪಷ್ಟವಾಗಿ ಕಾಣುತ್ತವೆ. ಕೊಳ್ಳುವವನ ದೃಷ್ಟಿಯಿಂದಲೂ ತಯಾರಿಸುವವನ ದೃಷ್ಟಿಯಿಂದಲೂ ಅದನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಆಟದ ಹಿನ್ನೆಲೆ

ಮೇಜು ಮತ್ತು ಕೋಲಿನ ಈ ಆಟಗಳು ಕನ್ನಡ ನಾಡಿಗೆ ಹೊಸತಲ್ಲ. ಸ್ನೂಕರ್ ಆಟ 1875ರಲ್ಲಿ ಜಬಲ್ಪುರದಲ್ಲಿದ್ದ ಬ್ರಿಟಿಷ್ ಸೇನಾಧಿಕಾರಿಗಳ ನಡುವೆ ಹುಟ್ಟಿತು. ಅದರ ನಿಯಮಗಳು 1882ರಲ್ಲಿ ಮೈಸೂರಿಗೆ ನೆರೆಯದಾದ ಊಟಿಯ ಕ್ಲಬ್ಬಿನಲ್ಲಿ ರೂಪುಗೊಂಡವು. ಬೆಂಗಳೂರಿನ ಪಂಕಜ್ ಅಡ್ವಾಣಿ 2003ರಲ್ಲಿ ಚೀನಾದಲ್ಲಿ ವಿಶ್ವ ಹವ್ಯಾಸಿ ಸ್ನೂಕರ್ ಪ್ರಶಸ್ತಿ ಗೆದ್ದ ಮೇಲೆ ಈ ಆಟ ರಾಜ್ಯದ ಸಣ್ಣ ಪಟ್ಟಣಗಳ ಯುವಕರ ಕಣ್ಣಿಗೂ ಬಿತ್ತು. ರಾಜ್ಯ ಸರ್ಕಾರದ ನೌಕರಿಯಲ್ಲಿದ್ದುಕೊಂಡೇ ಆಡಿದ ಆರ್. ಉಮಾದೇವಿ 2012ರಲ್ಲಿ ಮಹಿಳೆಯರ ವಿಶ್ವ ಬಿಲಿಯರ್ಡ್ಸ್ ಪ್ರಶಸ್ತಿ ಪಡೆದರು. ಆಟ ಹರಡಿದಂತೆ ಅದರ ಸಾಮಗ್ರಿಯ ವ್ಯಾಪಾರವೂ ಹರಡುವುದು ಸಹಜ.

ಮೊದಲ ಪ್ರಶ್ನೆ: ಯಾವ ಮೇಜು?

ಬೆಲೆಯ ಚರ್ಚೆಗೆ ಮುನ್ನ ವಸ್ತುವಿನ ಪರಿಚಯ ಅಗತ್ಯ. ಕ್ಯೂವಿನ ಮುಂಭಾಗದ ತೆಳುವಾದ ದಂಡಕ್ಕೆ ಶಾಫ್ಟ್ ಎಂದೂ, ಹಿಡಿಯುವ ದಪ್ಪನೆಯ ಹಿಂಭಾಗಕ್ಕೆ ಬಟ್ ಎಂದೂ ಹೆಸರು. ಇವೆರಡನ್ನೂ ಕೂಡಿಸುವ ತಿರುಪಿನ ಭಾಗ ಜಾಯಿಂಟ್. ಶಾಫ್ಟಿನ ತುದಿಯಲ್ಲಿರುವ ಚಿಕ್ಕ ಬಳೆ ಫೆರೂಲ್. ಅದರ ಮೇಲೆ ಅಂಟಿಸಿದ ಚರ್ಮದ ಬಿಲ್ಲೆಯೇ ಟಿಪ್. ಚೆಂಡನ್ನು ಮುಟ್ಟುವುದು ಈ ಟಿಪ್ ಒಂದೇ.

ಪೂಲ್ ಚೆಂಡಿನ ವ್ಯಾಸ ಸುಮಾರು 57 ಮಿ.ಮೀ.; ಸ್ನೂಕರ್ ಚೆಂಡಿನದು 52.5 ಮಿ.ಮೀ. ಆದುದರಿಂದ ಪೂಲ್ ಕ್ಯೂವಿನ ಟಿಪ್ ಸಾಮಾನ್ಯವಾಗಿ 12ರಿಂದ 13 ಮಿ.ಮೀ. ಅಗಲವಿದ್ದರೆ, ಸ್ನೂಕರ್ ಕ್ಯೂವಿನದು 9ರಿಂದ 10 ಮಿ.ಮೀ. ಮಾತ್ರ. ಪೂಲ್ ಕ್ಯೂವಿನ ಶಾಫ್ಟಿಗೆ ಹೆಚ್ಚಾಗಿ ಗಟ್ಟಿ ಮೇಪಲ್ ಮರವನ್ನೂ, ಸ್ನೂಕರ್ ಕ್ಯೂವಿಗೆ ಆ್ಯಶ್ ಮರವನ್ನೂ ಬಳಸುತ್ತಾರೆ. ಪೂಲ್ ಕ್ಯೂವಿನ ರೂಢಿಯ ಉದ್ದ 58 ಇಂಚು, ಅಂದರೆ ಸುಮಾರು 147 ಸೆಂ.ಮೀ. ತೂಕ 18ರಿಂದ 21 ಔನ್ಸ್, ಅಂದರೆ ಸುಮಾರು 510ರಿಂದ 595 ಗ್ರಾಂ. ಅಂತರರಾಷ್ಟ್ರೀಯ ಪೂಲ್ ನಿಯಮದಂತೆ ಕ್ಯೂ 40 ಇಂಚಿಗಿಂತ ಗಿಡ್ಡವಿರಬಾರದು, 25 ಔನ್ಸಿಗಿಂತ ಭಾರವಿರಬಾರದು, ಟಿಪ್ 14 ಮಿ.ಮೀ. ಮೀರಬಾರದು. ಈ ಮಿತಿಗಳೊಳಗೆ ಆಟಗಾರನಿಗೆ ವಿಶಾಲವಾದ ಸ್ವಾತಂತ್ರ್ಯವಿದೆ.

ಸ್ನೂಕರ್ ಮೇಜಿಗೆ ಹೊಂದುವ ಕ್ಯೂವಿನಿಂದ ಪೂಲ್ ಆಡಿದರೆ ಕಿರಿದಾದ ಟಿಪ್ ಬೇಗ ಹಾಳಾಗುತ್ತದೆ. ಯಾವ ಮೇಜಿನಲ್ಲಿ ಹೆಚ್ಚು ಆಡುವುದೆಂದು ನಿರ್ಧರಿಸದೆ ಕೊಂಡ ಕ್ಯೂ ಎಷ್ಟೇ ಬೆಲೆಬಾಳಿದರೂ ತಪ್ಪು ಖರೀದಿಯೇ ಸರಿ.

ಸಿದ್ಧ ಕ್ಯೂವಿನ ಬೆಲೆಯಲ್ಲಿ ಏನೇನು ಅಡಗಿದೆ?

ಕಾರ್ಖಾನೆಯಲ್ಲಿ ನೂರಾರು ಸಂಖ್ಯೆಯಲ್ಲಿ ಒಂದೇ ಮಾದರಿಯಾಗಿ ತಯಾರಾಗುವ ಕ್ಯೂವೇ ಸಿದ್ಧ ಕ್ಯೂ. ಅಮೆರಿಕದ ಮೆಕ್‌ಡರ್ಮಟ್, ವೈಕಿಂಗ್, ಪ್ರಿಡೇಟರ್, ಜಪಾನಿನ ಮೆಜ್ ಮೊದಲಾದವು ಈ ಬಗೆಯ ಪ್ರಸಿದ್ಧ ಹೆಸರುಗಳು. ಕೈಯಿಂದ ಮಾಡದ ವಸ್ತು ಕೀಳೆಂಬ ಭಾವನೆ ಹಲವರಲ್ಲಿದೆ, ಅದು ಸರಿಯಲ್ಲ. ಪದರ ಪದರವಾಗಿ ಮರದ ಪಟ್ಟಿಗಳನ್ನು ಅಂಟಿಸಿ, ತುದಿಯ ಭಾರವನ್ನು ತಗ್ಗಿಸಿ ಮಾಡಿದ ಶಾಫ್ಟುಗಳು 1990ರ ದಶಕದಲ್ಲಿ ಕಾರ್ಖಾನೆಗಳ ಸಂಶೋಧನೆಯಿಂದಲೇ ಬಂದವು. ಚೆಂಡಿನ ಪಕ್ಕಕ್ಕೆ ಹೊಡೆದಾಗ ಅದು ಗುರಿಯ ಗೆರೆಯಿಂದ ಸರಿಯುವ ದೋಷವನ್ನು ಇವು ಕಡಿಮೆ ಮಾಡುತ್ತವೆ. 2010ರ ದಶಕದ ಉತ್ತರಾರ್ಧದಲ್ಲಿ ಜನಪ್ರಿಯವಾದ ಕಾರ್ಬನ್ ಫೈಬರ್ ಶಾಫ್ಟ್ ಕೂಡ ಕಾರ್ಖಾನೆಯ ಕೊಡುಗೆ. ತೇವಾಂಶದಿಂದ ಅದು ಸೊಟ್ಟಗಾಗುವುದಿಲ್ಲ.

ಸಿದ್ಧ ಕ್ಯೂ ಕೊಳ್ಳುವವನು ಮುಖ್ಯವಾಗಿ ನಾಲ್ಕು ವಿಷಯಗಳಿಗೆ ಬೆಲೆ ಕೊಡುತ್ತಾನೆ.

1. ಕೊಳ್ಳುವ ಮುನ್ನ ಕೈಯಲ್ಲಿ ಹಿಡಿದು, ಹೊಡೆದು ನೋಡುವ ಅವಕಾಶ.
2. ಅದೇ ಮಾದರಿಯ ಎರಡನೆಯ ಕ್ಯೂ ಮೊದಲನೆಯದರಂತೆಯೇ ಇರುವುದೆಂಬ ಭರವಸೆ.
3. ಶಾಫ್ಟ್ ಮುರಿದರೆ ಅದೇ ಜಾಯಿಂಟಿನ ಬದಲಿ ಶಾಫ್ಟ್ ಮಾರುಕಟ್ಟೆಯಲ್ಲಿ ದೊರೆಯುವ ಅನುಕೂಲ.
4. ಲಿಖಿತ ಖಾತರಿ ಮತ್ತು ತಕ್ಷಣದ ಸ್ವಾಧೀನ.

ಇವೆಲ್ಲವನ್ನೂ ಒಂದೇ ಪದದಲ್ಲಿ ನಿಶ್ಚಿತತೆ ಎನ್ನಬಹುದು. ವ್ಯಾಪಾರದಲ್ಲಿ ನಿಶ್ಚಿತತೆಗೆ ಬೆಲೆಯಿದೆಯೆಂಬುದನ್ನು ವರ್ತಕರಿಗೆ ವಿವರಿಸಬೇಕಾಗಿಲ್ಲ.

ಹೇಳಿ ಮಾಡಿಸಿದ ಕ್ಯೂವಿನ ಬೆಲೆಯಲ್ಲಿ ಏನಿದೆ?

ಹೇಳಿ ಮಾಡಿಸಿದ ಕ್ಯೂವಿನಲ್ಲಿ ಕೊಳ್ಳುವವನು ಕೊಡುವ ಹೆಚ್ಚಿನ ಬೆಲೆ ಹೊಂದಾಣಿಕೆಗೆ ಸಲ್ಲುತ್ತದೆ. ಉದ್ದ, ಒಟ್ಟು ತೂಕ, ತೂಕ ನಿಲ್ಲುವ ಸಮತೋಲನ ಬಿಂದು, ಹಿಡಿಯ ಸುತ್ತಳತೆ, ಶಾಫ್ಟ್ ಕ್ರಮೇಣ ತೆಳುವಾಗುವ ಬಗೆ, ಟಿಪ್ಪಿನ ಗಡಸುತನ ಇವೆಲ್ಲವೂ ಆಟಗಾರನ ಅಳತೆಗೆ ತಕ್ಕಂತೆ ನಿರ್ಧಾರವಾಗುತ್ತವೆ. ಆರಡಿ ಮೀರಿದ ಎತ್ತರದ ಆಟಗಾರನಿಗೆ 58 ಇಂಚಿನ ಕ್ಯೂ ಗಿಡ್ಡವಾಗಬಹುದು; ಚಿಕ್ಕ ಅಂಗೈಯವರಿಗೆ ರೂಢಿಯ ಹಿಡಿ ದಪ್ಪವೆನಿಸಬಹುದು. ಇಂಥವರಿಗೆ ಹೇಳಿ ಮಾಡಿಸುವುದು ಆಡಂಬರವೆನ್ನಲಾಗದು.

ಕುಶಲಕರ್ಮಿಯ ಸಮಯದ ದೊಡ್ಡ ಪಾಲು ಲೇತಿನ ಮುಂದೆ ಕಳೆಯುವುದಿಲ್ಲ, ಮರ ಒಣಗುವುದನ್ನು ಕಾಯುವುದರಲ್ಲಿ ಕಳೆಯುತ್ತದೆ. ಶಾಫ್ಟಿನ ಮರವನ್ನು ಒಮ್ಮೆಲೇ ಕೊನೆಯ ಅಳತೆಗೆ ಕಡೆದರೆ ಅದು ಬಾಗುವ ಸಂಭವವಿದೆ. ಆದುದರಿಂದ ಸ್ವಲ್ಪ ಕಡೆದು, ವಾರಗಟ್ಟಲೆ ತೂಗುಹಾಕಿ, ನೇರವಾಗಿ ಉಳಿದವುಗಳನ್ನು ಮಾತ್ರ ಆರಿಸಿ ಮತ್ತೆ ಕಡೆಯುತ್ತಾರೆ. ಚನ್ನಪಟ್ಟಣದಲ್ಲಿ ಆಲೆ ಮರದಿಂದ ಬೊಂಬೆ ಕಡೆಯುವ ಕುಶಲಕರ್ಮಿಗಳಿಗೂ ಈ ಪಾಠ ಪರಿಚಿತವೇ: ಹಸಿ ಮರ ಲೇತಿಗೆ ಬಂದರೆ ಬಿರುಕು ಬಿಡುತ್ತದೆ. ಕಾಯುವ ಆ ಅವಧಿಯೂ, ನಡುವೆ ತಳ್ಳಿಹಾಕಿದ ಮರವೂ ಬೆಲೆಯಲ್ಲಿ ಸೇರಿಕೊಳ್ಳುತ್ತವೆ.

ಉಳಿದ ಬೆಲೆ ಅಲಂಕಾರದ್ದು. ಕರಿಮರ, ಬೀಟೆ ಮೊದಲಾದ ಮರಗಳ ಕೂಡಿಕೆ, ಮುತ್ತಿನ ಚಿಪ್ಪಿನ ಚಿತ್ತಾರ ಇವು ನೋಟಕ್ಕೆ ಸೊಗಸು. ಚೆಂಡಿನ ಮೇಲೆ ಅವುಗಳ ಪ್ರಭಾವವಿಲ್ಲ. ಬೆಲೆಪಟ್ಟಿ ಕೇಳುವಾಗ ಅಳತೆಯ ಕೆಲಸಕ್ಕೆ ಎಷ್ಟು, ಅಲಂಕಾರಕ್ಕೆ ಎಷ್ಟು ಎಂದು ಎರಡಾಗಿ ಬಿಡಿಸಿ ಬರೆಸಿಕೊಳ್ಳುವುದು ಒಳ್ಳೆಯದು. ಹಳೆಯ ವಿದೇಶಿ ಕ್ಯೂಗಳಲ್ಲಿ ಆನೆದಂತದ ಭಾಗಗಳಿರುವುದುಂಟು. 1991ರ ತಿದ್ದುಪಡಿಯಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆ ಆಮದಾದ ದಂತದ ವ್ಯಾಪಾರವನ್ನೂ ನಿಷೇಧಿಸಿರುವುದರಿಂದ ಅಂಥ ಕ್ಯೂವನ್ನು ಕೊಳ್ಳುವುದು ಅಪಾಯಕರ.

ನಡುವಿನ ದಾರಿ

ಈ ಎರಡು ಬಗೆಗಳ ನಡುವೆ ಗಟ್ಟಿಯಾದ ಗೋಡೆಯಿಲ್ಲವೆಂಬುದಕ್ಕೆ ಜಾರ್ಜ್ ಬಲಬುಷ್ಕ ಅವರ ಉದಾಹರಣೆ ಸಾಕು. ರಷ್ಯಾದಲ್ಲಿ 1912ರಲ್ಲಿ ಹುಟ್ಟಿ, ನ್ಯೂಯಾರ್ಕಿನಲ್ಲಿ ನೆಲೆಸಿ, 1975ರಲ್ಲಿ ತೀರಿಕೊಂಡ ಇವರು ಹೇಳಿ ಮಾಡಿಸಿದ ಕ್ಯೂಗಳ ಲೋಕದಲ್ಲಿ ಅತಿ ದೊಡ್ಡ ಹೆಸರು. ಆದರೆ ಇವರೂ ಬಟ್ಟಿನ ಮುಂಭಾಗದ ಕೂಡಿಕೆಯನ್ನು ತಾವೇ ಮಾಡುತ್ತಿರಲಿಲ್ಲ. ಮೊದಲು ಬ್ರನ್ಸ್‌ವಿಕ್ ಕಂಪನಿಯ ಕಾರ್ಖಾನೆ ಕ್ಯೂಗಳ ಮರವನ್ನೂ, ಆಮೇಲೆ ಬೇರೆ ಕುಶಲಕರ್ಮಿಗಳು ಸಿದ್ಧಪಡಿಸಿದ ಮರವನ್ನೂ ತಂದು, ಅದರ ಮೇಲೆ ತಮ್ಮ ಕೈಚಳಕ ತೋರುತ್ತಿದ್ದರು. ಯಂತ್ರ ಚೆನ್ನಾಗಿ ಮಾಡಬಲ್ಲ ಭಾಗವನ್ನು ಯಂತ್ರಕ್ಕೆ ಬಿಟ್ಟು, ಕೈ ಮಾತ್ರ ಮಾಡಬಲ್ಲ ಭಾಗಕ್ಕೆ ತಮ್ಮ ಸಮಯವನ್ನು ಮೀಸಲಿಟ್ಟರು.

ಕೊಳ್ಳುವವನೂ ಇದೇ ಮಾರ್ಗ ಹಿಡಿಯಬಹುದು. ಸಿದ್ಧ ಬಟ್ ಕೊಂಡು, ತನಗೆ ಹೊಂದುವ ಶಾಫ್ಟನ್ನು ಮಾತ್ರ ಬೇರೆಯಾಗಿ ಕೊಳ್ಳುವುದು ಅಥವಾ ಕಡೆಸುವುದು. ಬಟ್ಟಿನ ಒಳಗಿನ ತೂಕದ ತಿರುಪನ್ನು ಬದಲಿಸಿ ಭಾರವನ್ನು ಹೊಂದಿಸಿಕೊಳ್ಳುವುದು. ಹಿಡಿಯ ಸುತ್ತನ್ನು ಬದಲಿಸುವುದು. ಹಿಂಬದಿಗೆ ಉದ್ದ ಹೆಚ್ಚಿಸುವ ತುಂಡನ್ನು ಸೇರಿಸುವುದು. ಆಟದ ಅನುಭವದಲ್ಲಿ ಹೆಚ್ಚಿನ ವ್ಯತ್ಯಾಸ ತರುವುದು ಶಾಫ್ಟ್ ಮತ್ತು ಟಿಪ್. ಹೀಗಾಗಿ ಹೊಂದಾಣಿಕೆಯ ಬಹುಪಾಲು ಲಾಭ ಅಲ್ಪ ವೆಚ್ಚದಲ್ಲಿ ದೊರೆಯುತ್ತದೆ. ಎಚ್ಚರಿಕೆ ಒಂದೇ: ಜಾಯಿಂಟುಗಳ ತಿರುಪಿನ ಅಳತೆ ತಯಾರಕರಿಂದ ತಯಾರಕರಿಗೆ ಬೇರೆಯಾಗಿರುವುದರಿಂದ, ಕೊಳ್ಳುವ ಮುನ್ನವೇ ಎರಡೂ ಭಾಗಗಳನ್ನು ಕೂಡಿಸಿ ನೋಡಬೇಕು.

ವೆಚ್ಚದ ಲೆಕ್ಕ

ಬೆಲೆ ಬೇರೆ, ವೆಚ್ಚ ಬೇರೆ. ವಸ್ತು ಕೈಯಲ್ಲಿರುವಷ್ಟು ಕಾಲ ತಗಲುವ ಎಲ್ಲ ಖರ್ಚನ್ನೂ ಕೂಡಿ, ಕೊನೆಯಲ್ಲಿ ಮಾರಿದರೆ ಬರುವ ಹಣವನ್ನು ಕಳೆದಾಗ ನಿಜವಾದ ವೆಚ್ಚ ತಿಳಿಯುತ್ತದೆ. ಹೊಳವನಹಳ್ಳಿಯ ಉದಾಹರಣೆಯಲ್ಲಿ ಮಗ ವರ್ಷಕ್ಕೆ 200 ದಿನ, ಮೂರು ವರ್ಷ ಆಡುತ್ತಾನೆಂದೂ, ಹೂಡಿದ ಹಣಕ್ಕೆ ಶೇ. 12ರ ಸರಳ ಬಡ್ಡಿಯೆಂದೂ ಇಟ್ಟುಕೊಳ್ಳಬಹುದು.

ಸಿದ್ಧ ಕ್ಯೂ: ಬೆಲೆ ₹12,000, ಎರಡನೆಯ ಶಾಫ್ಟ್ ₹5,000, ಈ ₹17,000ಕ್ಕೆ ಮೂರು ವರ್ಷದ ಬಡ್ಡಿ ₹6,120, ಟಿಪ್ ಬದಲಾವಣೆ ₹3,000. ಒಟ್ಟು ₹26,120. ಮಾರಾಟದಿಂದ ₹5,000 ಬಂದರೆ ನಿವ್ವಳ ವೆಚ್ಚ ₹21,120. ಆಟದ ದಿನವೊಂದಕ್ಕೆ ₹35.20.

ಹೇಳಿ ಮಾಡಿಸಿದ ಕ್ಯೂ: ಎರಡು ಶಾಫ್ಟ್ ಸೇರಿ ಬೆಲೆ ₹40,000, ಮೂರು ವರ್ಷದ ಬಡ್ಡಿ ₹14,400, ಮುಂಗಡ ₹20,000ಕ್ಕೆ ಕಾಯುವ ಹತ್ತು ತಿಂಗಳ ಬಡ್ಡಿ ₹2,000, ಟಿಪ್ ₹3,000, ದುರಸ್ತಿಗಾಗಿ ತಯಾರಕನಿಗೆ ಕಳುಹಿಸಿ ತರಿಸುವ ಖರ್ಚು ₹2,000. ಒಟ್ಟು ₹61,400. ತಯಾರಕ ಹೆಸರುವಾಸಿಯಾಗಿದ್ದು, ಮಾರಾಟದಿಂದ ₹24,000 ಬಂದರೆ ನಿವ್ವಳ ₹37,400, ದಿನಕ್ಕೆ ₹62.33. ತಯಾರಕನ ಹೆಸರು ಮಾರುಕಟ್ಟೆಗೆ ತಿಳಿಯದೆ ₹8,000 ಮಾತ್ರ ಬಂದರೆ ನಿವ್ವಳ ₹53,400, ದಿನಕ್ಕೆ ₹89.

ಈ ಲೆಕ್ಕದಿಂದ ಎರಡು ಅಂಶಗಳು ಹೊರಬೀಳುತ್ತವೆ. ಮೊದಲನೆಯದಾಗಿ, ಮೂರು ಪಟ್ಟಿಗಿಂತ ಹೆಚ್ಚೆಂದು ಕಂಡ ಅಂತರ, ಒಳ್ಳೆಯ ತಯಾರಕನ ವಿಷಯದಲ್ಲಿ ಎರಡು ಪಟ್ಟಿಗಿಂತ ಕೆಳಗಿಳಿಯುತ್ತದೆ. ಈ ಮಟ್ಟಿಗೆ ತಂದೆಯ ಆಕ್ಷೇಪ ದುರ್ಬಲವಾಗುತ್ತದೆ. ಎರಡನೆಯದಾಗಿ, ಇಡೀ ಲೆಕ್ಕ ಮರುಮಾರಾಟದ ಬೆಲೆಯ ಮೇಲೆ ನಿಂತಿದೆ. ಒಬ್ಬನ ಕೈಗೆ ಸರಿಯಾಗಿ ಹೊಂದುವ ಕ್ಯೂ ಇನ್ನೊಬ್ಬನಿಗೆ ಹೊಂದದಿರಬಹುದು. 61 ಇಂಚಿನ ಕ್ಯೂವಿಗೆ ಗಿರಾಕಿ ಹುಡುಕುವುದು ಸುಲಭವಲ್ಲ. ಅಳತೆ ವಿಶಿಷ್ಟವಾದಷ್ಟೂ ಮಾರುಕಟ್ಟೆ ಕಿರಿದಾಗುತ್ತದೆ.

ಇನ್ನು ವರ್ಷಕ್ಕೆ 50 ದಿನ ಮಾತ್ರ ಆಡುವವನಿಗೆ ಅದೇ ಮೊತ್ತಗಳು ದಿನಕ್ಕೆ ₹140.80 ಮತ್ತು ₹249.33 ಆಗುತ್ತವೆ. ಬಳಕೆ ಕಡಿಮೆಯಿರುವಲ್ಲಿ ಹೇಳಿ ಮಾಡಿಸುವುದಕ್ಕೆ ಲೆಕ್ಕದ ಸಮರ್ಥನೆ ದೊರೆಯುವುದಿಲ್ಲ.

ಆಟದ ಮನೆಯ ಖರೀದಿ

ಮೇಜುಗಳಿಗೆ ಬೇಕಾದ ಹನ್ನೆರಡು ಕ್ಯೂಗಳ ವಿಷಯದಲ್ಲಿ ಚರ್ಚೆಗೆ ಅವಕಾಶವೇ ಇಲ್ಲ. ಅವು ಸಿದ್ಧ ಕ್ಯೂಗಳೇ ಆಗಿರಬೇಕು. ಕೊರಟಗೆರೆ, ಮಧುಗಿರಿ ಕಡೆಯಿಂದಲೋ ವಸಂತನರಸಾಪುರದ ಕಾರ್ಖಾನೆಗಳ ಪಾಳಿ ಮುಗಿಸಿಯೋ ಬರುವ ಗಿರಾಕಿಗಳ ಕೈಗಳು ಬೇರೆ ಬೇರೆ. ಒಂದೇ ತಯಾರಕನ, ಒಂದೇ ಅಳತೆಯ ಟಿಪ್ಪಿನ ಕ್ಯೂಗಳನ್ನು ಕೊಂಡರೆ ಟಿಪ್ಪುಗಳನ್ನು ಪೆಟ್ಟಿಗೆಗಟ್ಟಲೆ ತರಿಸಬಹುದು, ದುರಸ್ತಿಯನ್ನು ಕೆಲಸದ ಹುಡುಗನಿಗೇ ಕಲಿಸಬಹುದು. ಹನ್ನೆರಡರಲ್ಲಿ ಎಂಟು 19 ಔನ್ಸಿನವು, ಎರಡು ಹಗುರವಾದವು, ಎರಡು ಭಾರವಾದವು ಇದ್ದರೆ ಸಾಕಾಗುತ್ತದೆ. ಕೊಳ್ಳುವಾಗ ಪ್ರತಿಯೊಂದನ್ನೂ ಕಣ್ಣಿನ ಮಟ್ಟಕ್ಕೆ ಹಿಡಿದು ತಿರುಗಿಸುತ್ತ ಉದ್ದಕ್ಕೂ ನೋಡಬೇಕು. ಮೇಜಿನ ಮೇಲೆ ಉರುಳಿಸಿ ಪರೀಕ್ಷಿಸಬೇಕು.

ಬಯಲುಸೀಮೆಯ ಒಣ ಬೇಸಿಗೆಯ ಬೆನ್ನಿಗೇ ಮಳೆಗಾಲದ ತೇವ ಬರುವುದರಿಂದ ಮರ ಹಿಗ್ಗುವುದೂ ಕುಗ್ಗುವುದೂ ಇದ್ದದ್ದೇ. ಸಿಮೆಂಟ್ ಶೀಟಿನ ಚಾವಣಿಯ ಕೆಳಗೆ ಗೋಡೆಗೆ ಒರಗಿಸಿಟ್ಟ ಕ್ಯೂ, ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನೊಳಗೆ ಉಳಿದ ಕ್ಯೂ, ಸಿದ್ಧವಾದುದಾಗಲಿ ಹೇಳಿ ಮಾಡಿಸಿದುದಾಗಲಿ, ಬಾಗುವುದೇ ಹೆಚ್ಚು. ನೇರವಾಗಿ ನಿಲ್ಲಿಸುವ ಸ್ಟ್ಯಾಂಡಿನ ಅಲ್ಪ ಖರ್ಚನ್ನು ಉಳಿಸಲು ಹೋಗಿ ಕ್ಯೂಗಳನ್ನೇ ಕಳೆದುಕೊಳ್ಳಬಾರದು.

ಕಾನೂನು ಮತ್ತು ತೆರಿಗೆ

ಖರೀದಿಯ ಬಗೆಗೆ ತಕ್ಕಂತೆ ಕಾನೂನಿನ ರಕ್ಷಣೆಯೂ ಬದಲಾಗುತ್ತದೆ. 1930ರ ಸರಕು ಮಾರಾಟ ಕಾಯ್ದೆಯ 16ನೆಯ ಪ್ರಕರಣದಂತೆ, ಕೊಳ್ಳುವವನು ತನ್ನ ನಿರ್ದಿಷ್ಟ ಉದ್ದೇಶವನ್ನು ಮಾರುವವನಿಗೆ ತಿಳಿಸಿ, ಅವನ ಕೌಶಲವನ್ನು ನಂಬಿ ಕೊಂಡಾಗ, ಆ ವ್ಯಾಪಾರಿ ರೂಢಿಯಾಗಿ ಮಾರುವ ಸರಕು ಆ ಉದ್ದೇಶಕ್ಕೆ ತಕ್ಕಮಟ್ಟಿಗೆ ಯೋಗ್ಯವಾಗಿರಬೇಕೆಂಬ ಗರ್ಭಿತ ಷರತ್ತು ಏರ್ಪಡುತ್ತದೆ. ಆದರೆ ನಿರ್ದಿಷ್ಟ ವಸ್ತುವನ್ನು ಅದರ ವ್ಯಾಪಾರನಾಮ ಹಿಡಿದು ಕೇಳಿ ಕೊಂಡಾಗ ಈ ಷರತ್ತು ಅನ್ವಯಿಸುವುದಿಲ್ಲ. ಅಂದರೆ ‘ಇಂಥ ಕಂಪನಿಯ ಇಂಥ ಮಾದರಿ ಕೊಡಿ’ ಎಂದು ಕೊಂಡವನು ತನ್ನ ಕೈಗೆ ಅದು ಹೊಂದಲಿಲ್ಲವೆಂದು ದೂರಲಾರ. ‘ನನ್ನ ಎತ್ತರ ಇಷ್ಟು, ಆಟ ಈ ಮೇಜಿನದು, ಇದಕ್ಕೆ ಹೊಂದುವಂತೆ ಮಾಡಿಕೊಡಿ’ ಎಂದು ಬರೆದುಕೊಟ್ಟವನಿಗೆ ದೂರುವ ಹಕ್ಕಿದೆ.

ಇದಕ್ಕೆ ಎದುರಾಗಿ, ಹೇಳಿ ಮಾಡಿಸುವಾಗ ಮುಂಗಡ ಕೊಟ್ಟ ದಿನ ಕ್ಯೂ ಅಸ್ತಿತ್ವದಲ್ಲೇ ಇರುವುದಿಲ್ಲ. ಅದು ಭವಿಷ್ಯದ ಸರಕು. ಒಪ್ಪಂದ ಮಾರಾಟದ ಕರಾರು ಮಾತ್ರ. ಕ್ಯೂ ಸಿದ್ಧವಾಗಿ, ಇಬ್ಬರ ಒಪ್ಪಿಗೆಯಿಂದ ಆ ಗಿರಾಕಿಗೆಂದು ಗೊತ್ತುಪಡಿಸುವವರೆಗೆ ಅದರ ಒಡೆತನ ವರ್ಗವಾಗುವುದಿಲ್ಲ. ಈ ನಡುವೆ ತಯಾರಕ ವ್ಯಾಪಾರ ಮುಚ್ಚಿದರೆ ಮುಂಗಡ ಕೊಟ್ಟವನು ಸಾಮಾನ್ಯ ಸಾಲಗಾರರ ಸಾಲಿನಲ್ಲಿ ತನ್ನ ಬಾಕಿಗಾಗಿ ನಿಲ್ಲಬೇಕಾಗುತ್ತದೆ. ಮುಂಗಡವನ್ನು ಕಂತುಗಳಾಗಿ, ಕೆಲಸದ ಹಂತಗಳಿಗೆ ಜೋಡಿಸಿ ಕೊಡುವುದು ವಿವೇಕ.

ಸರಕು ಮತ್ತು ಸೇವಾ ತೆರಿಗೆಯಲ್ಲಿ ಬಿಲಿಯರ್ಡ್ಸ್ ಸಾಮಗ್ರಿ ಬರುವುದು 9504ನೆಯ ಶೀರ್ಷಿಕೆಯಲ್ಲಿ. ಸಾಮಾನ್ಯ ಕ್ರೀಡಾ ಸಾಮಗ್ರಿಯ 9506ರಲ್ಲಿ ಅಲ್ಲ. 2019ರ ಜನವರಿ 1ರಿಂದ ಇದರ ದರ ಶೇ. 28ರಿಂದ 18ಕ್ಕೆ ಇಳಿಯಿತು. ಬಿಲ್ಲಿನಲ್ಲಿ ಶೀರ್ಷಿಕೆಯ ಸಂಖ್ಯೆಯನ್ನೂ, ಬಿಲ್ಲಿನ ದಿನಾಂಕದಂದಿರುವ ದರವನ್ನೂ ತಾಳೆನೋಡುವುದು ಅಗತ್ಯ. ಆಟದ ಮನೆಗೆ ಕೊಂಡ ಹನ್ನೆರಡು ಕ್ಯೂಗಳ ತೆರಿಗೆಯನ್ನು, ಸಾಮಾನ್ಯ ಪದ್ಧತಿಯಲ್ಲಿ ನೋಂದಣಿಯಾಗಿದ್ದರೆ, ಹೂಡುವಳಿ ತೆರಿಗೆಯಾಗಿ ಜಮಾ ಪಡೆಯಬಹುದು. ಮಗನ ಸ್ವಂತ ಬಳಕೆಯ ಕ್ಯೂವಿಗೆ ಆ ಸೌಲಭ್ಯವಿಲ್ಲ. ಎರಡನ್ನೂ ಒಂದೇ ಬಿಲ್ಲಿನಲ್ಲಿ ಬೆರೆಸುವುದು ಮುಂದೆ ತೊಂದರೆಗೆ ಎಡೆಮಾಡುತ್ತದೆ.

ತಯಾರಕರಿಗೆ ಪಾಠ

ಹೇಳಿ ಮಾಡಿಕೊಡುವ ಕೆಲಸವನ್ನು ಒಪ್ಪಿಕೊಳ್ಳುವ ಕಿರು ಕಾರ್ಖಾನೆಗಳು ನಷ್ಟಕ್ಕೆ ಈಡಾಗುವುದು ಬಹುತೇಕ ಒಂದೇ ಕಾರಣದಿಂದ: ಕಚ್ಚಾವಸ್ತುವಿನ ಬೆಲೆಯ ಆಧಾರದ ಮೇಲೆ ದರ ಹೇಳುವುದು. ಮರಗೆಲಸದ ಲೇತುಗಳಿರುವ ಕಾರ್ಖಾನೆಯೊಂದರ ಕಲ್ಪಿತ ಲೆಕ್ಕ ಇದನ್ನು ವಿಶದಪಡಿಸುತ್ತದೆ.

ನೂರು ಸಿದ್ಧ ಕ್ಯೂಗಳ ತಂಡದಲ್ಲಿ, ಒಂದಕ್ಕೆ: ಕಚ್ಚಾವಸ್ತು ₹1,500, ಗಂಟೆಗೆ ₹200ರಂತೆ ನಾಲ್ಕು ಗಂಟೆಯ ಕೂಲಿ ₹800, ಗಂಟೆಗೆ ₹100ರಂತೆ ಮೇಲ್ವೆಚ್ಚ ₹400, ಯಂತ್ರ ಸಜ್ಜುಗೊಳಿಸುವ ₹30,000ದಲ್ಲಿ ಪಾಲು ₹300. ಒಟ್ಟು ₹3,000. ತಿರಸ್ಕೃತವಾಗುವ ಕ್ಯೂಗಳಿಗೆ ಶೇ. 5 ಸೇರಿಸಿದರೆ ₹3,150.

ಹೇಳಿ ಮಾಡಿಸಿದ ಒಂದು ಕ್ಯೂವಿಗೆ: ಕಚ್ಚಾವಸ್ತು ₹4,000, 40 ಗಂಟೆಯ ಕೂಲಿ ₹8,000, ಗಿರಾಕಿಯೊಡನೆ ಮಾತುಕತೆ ಮತ್ತು ನಕ್ಷೆಗೆ 5 ಗಂಟೆ ₹1,000, ಸಜ್ಜುಗೊಳಿಸುವ ವೆಚ್ಚ ಪೂರ್ತಿಯಾಗಿ ₹2,000, 45 ಗಂಟೆಗಳ ಮೇಲ್ವೆಚ್ಚ ₹4,500. ಒಟ್ಟು ₹19,500. ಮರ ಬಾಗಿ ಮತ್ತೆ ಮಾಡಬೇಕಾಗುವ ಸಂಭವಕ್ಕೆ ಶೇ. 10 ಸೇರಿಸಿದರೆ ₹21,450.

ಕಚ್ಚಾವಸ್ತುವಿನ ಬೆಲೆ ಎರಡೂ ಮುಕ್ಕಾಲು ಪಟ್ಟಿಗಿಂತ ಸ್ವಲ್ಪ ಕಡಿಮೆ. ಅದೇ ಪ್ರಮಾಣದಲ್ಲಿ ದರ ಹೇಳಿದವನು ₹8,400 ಕೇಳುತ್ತಾನೆ. ಪ್ರತಿ ಕ್ಯೂವಿನ ಮೇಲೆ ₹13,050 ಕಳೆದುಕೊಳ್ಳುತ್ತಾನೆ. ಸಿದ್ಧ ಸರಕಿನ ಲಾಭ ಈ ನಷ್ಟವನ್ನು ಮುಚ್ಚುತ್ತಿರುವುದರಿಂದ ವರ್ಷಾಂತ್ಯದವರೆಗೆ ಅವನಿಗೆ ಇದು ತಿಳಿಯುವುದೂ ಇಲ್ಲ. ಪ್ರತಿ ಕೆಲಸಕ್ಕೂ ಪ್ರತ್ಯೇಕ ಹಾಳೆಯಿಟ್ಟು, ಗಂಟೆಗಳನ್ನು ಆಯಾ ದಿನವೇ ಬರೆಯುವ ಕೆಲಸವಾರು ವೆಚ್ಚಪದ್ಧತಿಯೊಂದೇ ಇದಕ್ಕೆ ಪರಿಹಾರ.

ಲೆಕ್ಕಪತ್ರಗಳಲ್ಲಿಯೂ ಎರಡು ಬಗೆಯ ಸರಕಿನ ವಿವರಣೆ ಬೇರೆ. ದಾಸ್ತಾನಿನ ಮೌಲ್ಯಮಾಪನಕ್ಕೆ ಸಂಬಂಧಿಸಿದ 2ನೆಯ ಲೆಕ್ಕಪತ್ರ ಮಾನದಂಡದಂತೆ, ಒಂದರ ಬದಲು ಇನ್ನೊಂದು ನಡೆಯುವ ಸಿದ್ಧ ಸರಕಿಗೆ ‘ಮೊದಲು ಬಂದದ್ದು ಮೊದಲು ಹೊರಗೆ’ ಎಂಬ ಪದ್ಧತಿಯನ್ನಾಗಲಿ ಸರಾಸರಿ ವೆಚ್ಚವನ್ನಾಗಲಿ ಅನುಸರಿಸಬಹುದು. ನಿರ್ದಿಷ್ಟ ಕೆಲಸಕ್ಕೆಂದು ತಯಾರಿಸಿ ಬೇರೆಯಿಟ್ಟ ಸರಕಿಗೆ ಅದರದೇ ವೆಚ್ಚವನ್ನು ಗುರುತಿಸಿ ಹಾಕಬೇಕು. ಮಾರ್ಚ್ 31ರಂದು ಗಿರಾಕಿ ಕೈಬಿಟ್ಟ ಕ್ಯೂವೊಂದು ಉಳಿದಿದ್ದರೆ, ವೆಚ್ಚ ಮತ್ತು ಮಾರಿದರೆ ದೊರೆಯುವ ನಿವ್ವಳ ಮೊತ್ತ ಇವೆರಡರಲ್ಲಿ ಕಡಿಮೆಯಾದುದನ್ನೇ ತೋರಿಸಬೇಕು. ಗಿರಾಕಿಯೇ ಮರ ತಂದುಕೊಟ್ಟು ಕಡೆಸಿಕೊಂಡರೆ ತೆರಿಗೆಯ ದೃಷ್ಟಿಯಲ್ಲಿ ಅದು ಸರಕಿನ ಮಾರಾಟವಲ್ಲ, ಸೇವೆ. ಈ ಭೇದವನ್ನು ಬಿಲ್ ಬರೆಯುವ ಮುನ್ನವೇ ತಿಳಿದಿರಬೇಕು.

ಬರೆದುಕೊಳ್ಳಬೇಕಾದ ಆದೇಶ

ಹೇಳಿ ಮಾಡಿಸಲು ನಿರ್ಧರಿಸಿದವರು ಕೆಳಗಿನ ಅಂಶಗಳನ್ನು ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಮಾಡತಕ್ಕದ್ದು.

1. ಉದ್ದ, ತೂಕ, ಸಮತೋಲನ ಬಿಂದು, ಟಿಪ್ಪಿನ ಅಳತೆ, ಹಿಡಿಯ ಸುತ್ತಳತೆ. ಪ್ರತಿಯೊಂದಕ್ಕೂ ಎಷ್ಟು ವ್ಯತ್ಯಾಸವನ್ನು ಒಪ್ಪಲಾಗುವುದೆಂಬ ಮಿತಿ.
2. ಶಾಫ್ಟ್ ಮತ್ತು ಬಟ್ಟಿನ ಮರದ ಹೆಸರು, ಜಾಯಿಂಟಿನ ಬಗೆ.
3. ಆಡುವ ಮೇಜು ಮತ್ತು ಉದ್ದೇಶ.
4. ಒಟ್ಟು ಬೆಲೆ, ತೆರಿಗೆ, ಮುಂಗಡದ ಕಂತುಗಳು.
5. ಒಪ್ಪಿಸುವ ದಿನಾಂಕ; ತಡವಾದರೆ ಮುಂಗಡ ಹಿಂಪಡೆಯುವ ಹಕ್ಕು.
6. ಇಷ್ಟು ತಿಂಗಳೊಳಗೆ ಬಾಗಿದರೆ ಶಾಫ್ಟ್ ಬದಲಿಸಿಕೊಡುವ ಹೊಣೆ.

ಮೊದಲನೆಯ ಅಂಶವನ್ನು ತುಂಬಲಾರದವನು ಆದೇಶ ಕೊಡಬಾರದು. ತನ್ನ ಅಳತೆ ತನಗೇ ತಿಳಿಯದಿರುವಾಗ ಹೇಳಿ ಮಾಡಿಸುವುದು ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸಿದಂತೆ. ಕುಶಲಕರ್ಮಿ ತನ್ನ ಊಹೆಯಿಂದ ಮಾಡಿಕೊಡುತ್ತಾನೆ. ಗಿರಾಕಿ ಸಿದ್ಧ ಕ್ಯೂವಿನ ಬದಲು ಮತ್ತೊಬ್ಬರ ಊಹೆಯನ್ನು ಹೆಚ್ಚಿನ ಬೆಲೆಗೆ ಕೊಂಡಂತಾಗುತ್ತದೆ.

ಉಪಸಂಹಾರ

ಹೊಳವನಹಳ್ಳಿಯ ತಂದೆ ಮಗನಿಗೆ ಈ ವಿವೇಚನೆಯಿಂದ ದೊರೆಯುವ ಸಲಹೆ ಹೀಗಿದೆ. ಮೇಜುಗಳಿಗೆ ಹನ್ನೆರಡು ಸಿದ್ಧ ಕ್ಯೂಗಳು. ಮಗನಿಗೆ ಸದ್ಯಕ್ಕೆ ಒಂದು ಒಳ್ಳೆಯ ಸಿದ್ಧ ಕ್ಯೂ. ಒಂದು ವರ್ಷ ಅದರಲ್ಲಿ ಆಡಿ, ತೂಕದ ತಿರುಪನ್ನೂ ಟಿಪ್ಪನ್ನೂ ಬದಲಿಸುತ್ತ, ತನಗೆ ಏನು ಹೊಂದುತ್ತದೆಂಬುದನ್ನು ಪುಸ್ತಕದಲ್ಲಿ ಬರೆದಿಡಬೇಕು. ವರ್ಷಾಂತ್ಯದಲ್ಲಿ ಆ ಬರಹ ಸಿದ್ಧ ಕ್ಯೂವಿನ ಅಳತೆಗಳಿಗೇ ಹತ್ತಿರವಿದ್ದರೆ ₹28,000 ಅಂಗಡಿಯಲ್ಲೇ ಉಳಿಯುತ್ತದೆ. ಬಹಳ ದೂರವಿದ್ದು, ಆಟದ ದಿನಗಳೂ 200 ಮುಟ್ಟಿದ್ದರೆ, ಹೇಳಿ ಮಾಡಿಸಲು ಬೇಕಾದ ಹಾಳೆ ಆಗಲೇ ಸಿದ್ಧವಾಗಿರುತ್ತದೆ, ತಂದೆ ಹಿಂಜರಿಯಬೇಕಾಗಿಲ್ಲ. ಹಳೆಯ ಕ್ಯೂ ಎರಡನೆಯದಾಗಿ ಉಪಯೋಗಕ್ಕೆ ಬರುತ್ತದೆ.

ಅಚ್ಚು, ಯಂತ್ರ, ತಂತ್ರಾಂಶಗಳ ವಿಷಯದಲ್ಲಿಯೂ ಇದೇ ಕ್ರಮ ಸಲ್ಲುತ್ತದೆ. ಮೊದಲು ಸಿದ್ಧ ವಸ್ತುವಿನಿಂದ ಕೆಲಸ ಆರಂಭಿಸಿ, ಅದು ಎಲ್ಲಿ ಎಷ್ಟು ಕೊರೆಯಾಗುತ್ತದೆಂದು ಅಂಕಿಗಳಲ್ಲಿ ಬರೆದಿಟ್ಟು, ಆ ಕೊರತೆಯಿಂದಾಗುವ ನಷ್ಟ ಹೇಳಿ ಮಾಡಿಸುವ ಹೆಚ್ಚುವರಿ ವೆಚ್ಚವನ್ನು ಮೀರಿದಾಗ ಮಾತ್ರ ಮುಂದಿನ ಹೆಜ್ಜೆ ಇಡಬೇಕು. ಕುಣಿಯಲಾರದವಳು ನೆಲ ಡೊಂಕೆಂದಳೆಂಬ ಗಾದೆ ಆಟಗಾರನಿಗೆ ಹೇಗೋ ಉದ್ಯಮಿಗೂ ಹಾಗೆಯೇ ಅನ್ವಯಿಸುತ್ತದೆ. ನೆಲ ನಿಜವಾಗಿಯೂ ಡೊಂಕೇ ಎಂದು ತಿಳಿಯಬೇಕಾದರೆ ಅಳತೆಪಟ್ಟಿ ಹಿಡಿದು ನೋಡಬೇಕು.